ಭಾವನ ಎಫ್-150ರ ಸ್ಟೇರಿಂಗ್ ಬಲಕ್ಕೆ ಬಂದ ಕಥೆ

2023ರ ಫೆಬ್ರವರಿಯಲ್ಲಿ ಹೂಸ್ಟನ್‌ನಿಂದ ಅಕ್ಕನ ಫೋನ್ ಬಂತು. ಆಸ್ಟ್ರೇಲಿಯಾದ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಕೈಗೆ ಸಿಕ್ಕಿತ್ತು. ಜೀಲಾಂಗ್‌ನಲ್ಲಿ ಅವಳಿಗೆ ಕೆಲಸವೂ ಆಗಿತ್ತು. ನಾನಿರುವುದೂ ಅಲ್ಲೇ, ಮೆಲ್ಬರ್ನ್‌ನಿಂದ ಒಂದು ಗಂಟೆ ದಾರಿ. ಖುಷಿಯ ಮಾತೆಲ್ಲ ಮುಗಿದ ಮೇಲೆ ಅಕ್ಕ ದನಿ ತಗ್ಗಿಸಿ, "ನಿಮ್ಮ ಭಾವ ಟ್ರಕ್ಕನ್ನೂ ತರ್ತಾರಂತೆ ಕಣೋ, ನೀನಾದ್ರೂ ಸ್ವಲ್ಪ ಹೇಳು" ಅಂದಳು.

ಟ್ರಕ್ಕು ಅಂದರೆ 2019ರ ಫೋರ್ಡ್ ಎಫ್-150. ನಾಲ್ಕು ಬಾಗಿಲು, 5 ಲೀಟರಿನ ವಿ8 ಎಂಜಿನ್, ಫೋರ್ ವೀಲ್ ಡ್ರೈವ್. ಅಮೆರಿಕದವರು ಪಿಕಪ್ ಅನ್ನುವುದಕ್ಕೆ ಇಲ್ಲಿಯವರು ಯೂಟ್ ಅನ್ನುತ್ತಾರೆ. ಆಸ್ಟ್ರೇಲಿಯಾದ ಯೂಟ್ ಹುಟ್ಟಿದ್ದೇ ಜೀಲಾಂಗ್‌ನ ಫೋರ್ಡ್ ಕಾರ್ಖಾನೆಯಲ್ಲಿ, 1934ರಲ್ಲಿ, ಲೂ ಬ್ಯಾಂಟ್ ಎಂಬ ಹುಡುಗ ಡಿಸೈನರ್ ಕೈಯಲ್ಲಿ. ಭಾನುವಾರ ಚರ್ಚಿಗೆ ಹೋಗಲು, ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲು ಒಂದೇ ಗಾಡಿ ಬೇಕು ಅಂತ ರೈತನ ಹೆಂಡತಿಯೊಬ್ಬಳು ಕಾಗದ ಬರೆದಳಂತೆ, ಅದರಿಂದ ಶುರುವಾಯಿತಂತೆ. ಆ ಊರಿಗೆ ಅಮೆರಿಕದಿಂದ ಯೂಟ್ ಹೊತ್ತು ತರುವುದು ಹಾಸನಕ್ಕೆ ಆಲೂಗಡ್ಡೆ ತಂದ ಹಾಗೆ.

ನಾನು ಭಾವನಿಗೆ ಫೋನ್ ಮಾಡಿದೆ. "ಭಾವ, ಇಲ್ಲಿ ಎಡಗಡೆ ಓಡಿಸೋದು. ಸ್ಟೇರಿಂಗ್ ಬಲಗಡೆ ಇರಲೇಬೇಕು. ನಿಮ್ಮದು ಎಡಗಡೆ ಇದೆ."

"ಅದೇನು ಮಹಾ! ನಮ್ಮ ಮನೆ ಜೀಪಿಗೂ ಎಡಗಡೆಗೇ ಇದ್ದಿದ್ದು. ಶಿರಾಡಿ ಘಾಟಿ ಇಳಿಸಿಲ್ವೇನೋ ನಾನು ಅದನ್ನ?"

ಅವರ ಮಾತು ಸುಳ್ಳಲ್ಲ. ಭಾವ ಸಕಲೇಶಪುರದ ಕಡೆಯವರು. ಮಲೆನಾಡಿನ ತೋಟಗಳಲ್ಲಿದ್ದ ಹಳೇ ಮಹೀಂದ್ರಾ ಜೀಪುಗಳಲ್ಲಿ ಎಷ್ಟೋ ಎಡಗಡೆ ಸ್ಟೇರಿಂಗಿನವು. ಹಿಂದುಗಡೆ ದಪ್ಪ ಅಕ್ಷರದಲ್ಲಿ 'ಲೆಫ್ಟ್ ಹ್ಯಾಂಡ್ ಡ್ರೈವ್' ಅಂತ ಬರೆದಿರುತ್ತಿದ್ದರು, ನೆನಪಿದೆಯಲ್ವಾ? ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಮು ಕೂಡ ಅಂಥ ಗಾಡಿಯನ್ನು ಪೂರ್ತಿ ಬೇಡ ಅನ್ನುವುದಿಲ್ಲ. ಸರಿಯಾಗಿ ಕೆಲಸ ಮಾಡುವ ಸಿಗ್ನಲ್ ಸಾಧನ ಇರಲಿ ಅನ್ನುತ್ತದೆ, ಅಷ್ಟೇ. ಆಸ್ಟ್ರೇಲಿಯಾದಲ್ಲಿ ಆ ಸಡಿಲ ಇಲ್ಲ. ತೀರಾ ಹಳೆಯ, ಶೋಕಿಯ ಕಾರುಗಳನ್ನು ಬಿಟ್ಟರೆ ರಿಜಿಸ್ಟರ್ ಆಗಬೇಕಾದ ಗಾಡಿಗೆ ಸ್ಟೇರಿಂಗ್ ಬಲಕ್ಕೆ ಬರಲೇಬೇಕು.

ನಾನು ಮೆಕ್ಯಾನಿಕಲ್ ಎಂಜಿನಿಯರ್. ಆದರೆ ನನ್ನ ಕಸುಬು ಪಂಪು, ಪೈಪು. ಕಾರಿನ ಪಂಡಿತ ಅಲ್ಲ. ಈ ಒಂದೂವರೆ ವರ್ಷದ ವ್ಯವಹಾರದಲ್ಲಿ ಕಾಗದ ಹಿಡಿದು ಓಡಾಡಿದವನು, ಗ್ಯಾರೇಜಿನ ಮೂಲೆಯಲ್ಲಿ ನಿಂತು ನೋಡಿದವನು. ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಭಾವನ ಲೆಕ್ಕ

ಭಾವನಿಗೆ ಟ್ರಕ್ಕಿನ ಮೇಲೆ ಪ್ರೀತಿ ಇತ್ತು, ನಿಜ. ಆದರೆ ಅವರು ಪ್ರೀತಿಯ ಮಾತು ಆಡಲಿಲ್ಲ, ಲೆಕ್ಕದ ಮಾತು ಆಡಿದರು. ಹೂಸ್ಟನ್‌ನಲ್ಲಿ ಮಾರಿದರೆ ಬರುವುದು 28 ಸಾವಿರ ಅಮೆರಿಕನ್ ಡಾಲರ್. ಅದೇ ವರ್ಷ ಫೋರ್ಡ್ ಕಂಪನಿ ಆಸ್ಟ್ರೇಲಿಯಾದಲ್ಲಿ ಬಲಗಡೆ ಸ್ಟೇರಿಂಗಿನ ಎಫ್-150 ಮಾರಲು ಹೊರಟಿತ್ತು. ಅದರ ಬೆಲೆ ಇಲ್ಲಿನ ದುಡ್ಡಿನಲ್ಲಿ ಲಕ್ಷ ಡಾಲರ್ ದಾಟುತ್ತಿತ್ತು. "ನಲವತ್ತು ಸಾವಿರ ಖರ್ಚು ಮಾಡಿ ತಿರುಗಿಸಿದ್ರೂ ನನಗೇ ಲಾಭ ಅಲ್ವೇನೋ?"

ಅವರು ನೋಡಿದ್ದು ಫೋರ್ಡ್‌ನ ಜಾಹೀರಾತು. ಆ ಎಫ್-150 ಕೂಡ ಅಮೆರಿಕದಲ್ಲಿ ಎಡಗಡೆ ಸ್ಟೇರಿಂಗಿನಲ್ಲೇ ತಯಾರಾಗಿ ಬರುತ್ತದೆ. ಮೆಲ್ಬರ್ನ್‌ನ ಉತ್ತರ ಅಂಚಿನ ಮಿಕಲ್‌ಹ್ಯಾಮ್‌ನಲ್ಲಿ ಆರ್‌ಎಂಎ ಎಂಬ ಕಂಪನಿ ಅದನ್ನು ಬಿಚ್ಚಿ ಬಲಕ್ಕೆ ಕಟ್ಟುತ್ತಿತ್ತು. ರ‍್ಯಾಮ್ ಮತ್ತು ಸಿಲ್ವರಾಡೊ ಎಂಬ ಬೇರೆ ಅಮೆರಿಕನ್ ಪಿಕಪ್‌ಗಳನ್ನು ವಾಕಿನ್‌ಶಾ ಕಂಪನಿ ಇದೇ ರೀತಿ ಕಟ್ಟಿಕೊಡುತ್ತಿತ್ತು. ಆದರೆ ಇವರೆಲ್ಲ ಹೊಸ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಮಾಡುವವರು. ಒಬ್ಬ ಮನುಷ್ಯನ ಹಳೇ ಟ್ರಕ್ಕಿಗೆ ಆ ಸಾಲಿನಲ್ಲಿ ಜಾಗ ಎಲ್ಲಿ? ಇನ್ನೊಂದು ಸಂಗತಿ ಭಾವನ ಗಮನಕ್ಕೇ ಬಂದಿರಲಿಲ್ಲ. ಎಫ್-150 ಮಾದರಿ 2021ಕ್ಕೆ ಪೂರ್ತಿ ಬದಲಾಗಿತ್ತು. ಹೊಸದರ ಬಲಗಡೆ ಡ್ಯಾಶ್‌ಬೋರ್ಡು ಇವರ 2019ಕ್ಕೆ ಕೂರುವುದಿಲ್ಲ.

ನಡುವೆ ಸಕಲೇಶಪುರದಿಂದ ಭಾವನ ತಂದೆಯವರದ್ದೂ ಒಂದು ಸಲಹೆ ಬಂತು. "ಅಷ್ಟೆಲ್ಲ ಯಾಕೆ, ಇಲ್ಲಿಗೇ ಕಳಿಸಿಬಿಡಲಿ. ತೋಟಕ್ಕೆ ಆಗುತ್ತೆ." ಅದು ಅಲ್ಲಿಗೇ ನಿಂತಿತು. ಭಾರತಕ್ಕೆ ತರುವ ಬಳಸಿದ ಗಾಡಿ ತಯಾರಾಗಿ 3 ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆಯೇ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ಇರಬೇಕು, ಹೆಡ್‌ಲೈಟ್ ಎಡಗಡೆ ಓಡಾಟಕ್ಕೆ ಒಗ್ಗುವಂತಿರಬೇಕು. ಟ್ರಕ್ಕು ಆಗಲೇ ನಾಲ್ಕನೇ ವರ್ಷದಲ್ಲಿತ್ತು.

ಕಾಗದ ಮೊದಲು, ಹಡಗು ಆಮೇಲೆ

ನಾನು ಭಾವನಿಗೆ ಹಾಕಿದ ಷರತ್ತು ಒಂದೇ. ಇಂಪೋರ್ಟ್ ಅನುಮತಿ ಕೈಗೆ ಬರುವವರೆಗೆ ಗಾಡಿ ಬಂದರಿನ ಕಡೆ ತಲೆ ಹಾಕಬಾರದು. ಆಸ್ಟ್ರೇಲಿಯಾದಲ್ಲಿ 2018ರ ರೋಡ್ ವೆಹಿಕಲ್ ಸ್ಟಾಂಡರ್ಡ್ಸ್ ಆಕ್ಟ್ 2021ರ ಜುಲೈನಿಂದ ಜಾರಿಯಲ್ಲಿದೆ. ವಲಸೆ ಬರುವವರು ಸ್ವಂತ ಗಾಡಿ ತರಲು ಅದರಲ್ಲಿ ದಾರಿ ಇದೆ. ಗಾಡಿ ಹೊರದೇಶದಲ್ಲಿ ಕನಿಷ್ಠ 12 ತಿಂಗಳು ಸತತವಾಗಿ ನಿಮ್ಮ ಹೆಸರಲ್ಲಿದ್ದು ನಿಮ್ಮ ಬಳಕೆಯಲ್ಲಿ ಇರಬೇಕು. ಐದು ವರ್ಷದಲ್ಲಿ ಇನ್ನೊಂದನ್ನು ಹೀಗೆ ತಂದಿರಬಾರದು. ಅನುಮತಿ ಇಲ್ಲದೆ ಬಂದರಿನಲ್ಲಿ ಇಳಿದರೆ ವಾಪಸ್ ಕಳಿಸಬೇಕಾಗಬಹುದು, ಗುಜರಿಗೂ ಹೋಗಬಹುದು. ಎಡಗಡೆ ಸ್ಟೇರಿಂಗಿನ ಗಾಡಿಗೂ ಈ ಅನುಮತಿ ಸಿಗುತ್ತದೆ. ಜನ ಮೋಸ ಹೋಗುವುದು ಇಲ್ಲೇ. ಒಳಗೆ ತರಲು ಬಿಟ್ಟರು ಅಂದ ಮಾತ್ರಕ್ಕೆ ರಸ್ತೆಗೆ ಬಿಡುತ್ತಾರೆ ಅಂತಲ್ಲ. ರಸ್ತೆಗೆ ಬಿಡುವುದು ರಾಜ್ಯದ ಕೆಲಸ, ಇಲ್ಲಿ ಅಂದರೆ ವಿಕ್ಟೋರಿಯಾದಲ್ಲಿ ನಮ್ಮ ಆರ್‌ಟಿಒ ಹಾಗಿರುವ ವಿಕ್‌ರೋಡ್ಸ್.

ಸುಂಕದ ವಿಚಾರದಲ್ಲಿ ಒಂದು ಒಳ್ಳೇದಾಯಿತು. ಕಾರಿಗೆ ಸಾಮಾನ್ಯ ಸುಂಕ ಶೇಕಡಾ 5. ಅಮೆರಿಕದಲ್ಲೇ ತಯಾರಾದ ಗಾಡಿಗೆ 2005ರಿಂದ ಇರುವ ಎರಡು ದೇಶಗಳ ಒಪ್ಪಂದದಲ್ಲಿ ಸೊನ್ನೆ. ಚಾಸಿ ನಂಬರಿನ ಮೊದಲ ಅಂಕಿ ನೋಡಿದರೆ ಗೊತ್ತಾಗುತ್ತದೆ: 1 ಇದ್ದರೆ ಅಮೆರಿಕ, 2 ಕೆನಡಾ, 3 ಮೆಕ್ಸಿಕೊ. ಭಾವನದ್ದು 1. ಜಿಎಸ್‌ಟಿ ಮಾತ್ರ ಶೇಕಡಾ 10, ಅದೂ ಗಾಡಿಯ ಬೆಲೆಗೆ ಸಾಗಣೆ, ವಿಮೆ ಸೇರಿಸಿ.

ಆಮೇಲೆ ಹುಳದ ಕಾಟ. ಸ್ಟಿಂಕ್ ಬಗ್ ಅಂತ ಒಂದು ನಾರುವ ತಿಗಣೆ. ಚಳಿಗೆ ಗಾಡಿಯ ಸಂದಿಯಲ್ಲಿ ಅಡಗಿ ಕೂತು ಹಡಗು ಹತ್ತಿಬಿಡುತ್ತದೆ. ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರೊಳಗೆ ಅಮೆರಿಕದಿಂದ ಹೊರಡುವ ಗಾಡಿಗಳಿಗೆ ಇದಕ್ಕೆಂದೇ ಹೊಗೆ ಹಾಕಿಸಬೇಕು, ಇಲ್ಲ ಕಾಯಿಸಬೇಕು. ಅದರ ಖರ್ಚು, ತಡ ಬೇರೆ. "ಆಗಸ್ಟ್ ಮುಗಿಯೋದ್ರೊಳಗೆ ಹತ್ತಿಸಿಬಿಡಿ ಭಾವ" ಅಂದೆ. ಮೂರನೇ ವಾರದಲ್ಲಿ ಗ್ಯಾಲ್‌ವೆಸ್ಟನ್ ಬಂದರಿನಲ್ಲಿ ಹತ್ತಿಸಿದರು. ಅದಕ್ಕೂ ಮೊದಲು ಗಾಡಿಯ ಒಡೆತನದ ಮೂಲ ಟೈಟಲ್ ಪತ್ರವನ್ನು 72 ಗಂಟೆ ಮುಂಚೆ ಅಮೆರಿಕದ ಕಸ್ಟಮ್ಸ್‌ಗೆ ಒಪ್ಪಿಸಬೇಕಿತ್ತು, ಒಪ್ಪಿಸಿದ್ದರು.

ಅಕ್ಟೋಬರಿನಲ್ಲಿ ಮೆಲ್ಬರ್ನ್‌ನ ವೆಬ್ ಡಾಕ್‌ನಲ್ಲಿ ಇಳಿಯಿತು. ಹೂಸ್ಟನ್‌ನಲ್ಲಿ ಆವಿ ಹಾಕಿಸಿ ತೊಳೆಸಿದ್ದೇ ತೊಳೆಸಿದ್ದು. ಆದರೂ ಇಲ್ಲಿನ ಇನ್‌ಸ್ಪೆಕ್ಟರಮ್ಮ ಮುಂದಿನ ಚಕ್ರದ ಒಳಗಿನ ಪ್ಲಾಸ್ಟಿಕ್ ತಟ್ಟೆ ಸರಿಸಿ, ಬೆರಳಿನ ತುದಿಯಲ್ಲಿ ಮೂರು ಹುಲ್ಲಿನ ಬೀಜ ಎತ್ತಿ ತೋರಿಸಿದರು. ಟೆಕ್ಸಾಸ್‌ನ ಬಿಗ್ ಬೆಂಡ್ ನ್ಯಾಷನಲ್ ಪಾರ್ಕಿಗೆ ಕ್ಯಾಂಪಿಂಗ್ ಹೋಗಿದ್ದಾಗ ಸಿಕ್ಕಿಕೊಂಡಿದ್ದು ಅಂತ ಭಾವ ಆಮೇಲೆ ಒಪ್ಪಿಕೊಂಡರು. ಮತ್ತೆ ತೊಳೆತ, ಮತ್ತೆ ಬಿಲ್ಲು. ಅಷ್ಟು ಹೊತ್ತಿಗೆ ಅಕ್ಕ ಸದ್ದಿಲ್ಲದೆ ಒಂದು ಹಳೇ ಕೊರೊಲ್ಲಾ ಕೊಂಡಾಗಿತ್ತು.

ಎಡಗಾಲಿನ ಚಪ್ಪಲಿ

ಮೊದಲು ಹೋದ ಗ್ಯಾರೇಜು ನಮ್ಮ ಮನೆಗೆ ಹತ್ತಿರ. ಅವರು ಹೇಳಿದ ರೇಟು ಉಳಿದವರ ಅರ್ಧ. ಭಾವನ ಮುಖ ಅರಳಿತು. ಹೇಗೆ ಮಾಡ್ತೀರಿ ಅಂತ ಕೇಳಿದೆ. ಸ್ಟೇರಿಂಗ್ ಚಕ್ರ, ಅದನ್ನು ಹಿಡಿದಿರುವ ಕಾಲಮ್ಮು ಮಾತ್ರ ಬಲಕ್ಕೆ. ಡ್ಯಾಶ್‌ಬೋರ್ಡಿನ ಒಳಗೆ ಎರಡು ಹಲ್ಲಿನ ಚಕ್ರ, ನಡುವೆ ಒಂದು ಚೈನು. ಬಲಗಡೆ ತಿರುಗಿಸಿದ್ದು ಚೈನಿನ ಮೂಲಕ ಎಡಗಡೆಗೆ ಹೋಗುತ್ತದೆ, ಅಲ್ಲಿಂದ ಕೆಳಕ್ಕೆ ಹಳೇ ದಾರಿಯಲ್ಲೇ. ಸೈಕಲ್ಲಿನ ಹಾಗೆ.

ಎರಡು ಟನ್ ದಾಟುವ ಗಾಡಿಯ ಸ್ಟೇರಿಂಗು ಒಂದು ಚೈನಿನ ಮೇಲೆ. ಚೈನು ಸಡಿಲವಾದರೆ ಆಟ ಬರುತ್ತದೆ, ಕಡಿದರೆ ಮುಗಿಯಿತು. ನಾನು ವಿಕ್ಟೋರಿಯಾದಲ್ಲಿ ಇಂಥ ಬದಲಾವಣೆಗಳಿಗೆ ಸಹಿ ಹಾಕುವ ಪರವಾನಗಿ ಇರುವ ಒಬ್ಬ ಎಂಜಿನಿಯರ್‌ಗೆ ಫೋನ್ ಮಾಡಿದೆ. ಅವರ ಸರ್ಟಿಫಿಕೇಟ್ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಪ್ರಶ್ನೆ ಪೂರ್ತಿ ಕೇಳುವ ಮೊದಲೇ, ಚೈನಿದ್ದರೆ ತನ್ನ ಹತ್ತಿರ ತರಬೇಡಿ ಅಂದರು. ನನ್ನನ್ನು ಕೇಳಿದರೆ, ಗ್ಯಾರೇಜಿಗಿಂತ ಮೊದಲು ಸಹಿ ಹಾಕುವವರನ್ನು ಹುಡುಕಬೇಕು. ನಾವು ಅದನ್ನು ಮಾಡಿದ್ದು ಗಾಡಿ ಬಂದು ಒಂದು ತಿಂಗಳಾದ ಮೇಲೆ. ಅದು ನನ್ನದೇ ತಪ್ಪು.

ಹಾಗಾದರೆ ಚೈನು ಯಾಕೆ ಹಾಕುತ್ತಾರೆ? ಕೆಳಗಿರುವ ಸ್ಟೇರಿಂಗ್ ರ‍್ಯಾಕನ್ನೇ ತಿರುಗಿಸಿ ಹಾಕಬಾರದೇ? ಭಾವನೂ ಇದನ್ನೇ ಕೇಳಿದರು. ನಾನು ಬಾಗಿಲ ಬಳಿ ಬಿಟ್ಟಿದ್ದ ಅವರ ಎಡಗಾಲಿನ ಚಪ್ಪಲಿ ಎತ್ತಿ ಕೈಗೆ ಕೊಟ್ಟೆ. "ಇದನ್ನ ಹೇಗೆ ಬೇಕಾದ್ರೂ ತಿರುಗಿಸಿ, ಬಲಗಾಲಿಗೆ ಹಾಕ್ಕೊಳ್ಳಿ ನೋಡೋಣ."

ರ‍್ಯಾಕು ಅಂದರೆ ಹಲ್ಲಿರುವ ಉದ್ದ ಸರಳು. ಅದರ ಎಡತುದಿಯ ಹತ್ತಿರ ಒಂದು ಸಣ್ಣ ಹಲ್ಲುಗಾಲಿ, ಅದೇ ಪಿನಿಯನ್. ಸ್ಟೇರಿಂಗ್ ತಿರುಗಿಸಿದರೆ ಪಿನಿಯನ್ ತಿರುಗುತ್ತದೆ, ಸರಳು ಅಡ್ಡಕ್ಕೆ ಜರುಗುತ್ತದೆ, ಚಕ್ರಗಳು ಹೊರಳುತ್ತವೆ. ಪಿನಿಯನ್ ಬಲಕ್ಕೆ ಬರಲಿ ಅಂತ ರ‍್ಯಾಕನ್ನು ಮಲಗಿದ್ದ ಹಾಗೇ ಸುತ್ತಿಸಿ ಎಡತುದಿಯನ್ನು ಬಲಕ್ಕೆ ತಂದರೆ, ಪಿನಿಯನ್ನಿನ ಮೂತಿ ಡ್ರೈವರ್ ಕಡೆ ಬಿಟ್ಟು ಬಂಪರ್ ಕಡೆ ನೋಡುತ್ತದೆ. ಶಾಫ್ಟು ಜೋಡಿಸಲಾಗದು. ಸರಿ, ತಲೆಕೆಳಗು ಮಾಡಿ ಬಲಕ್ಕೆ ತಂದರೆ? ಮೂತಿ ಡ್ರೈವರ್ ಕಡೆಗೇ ಇರುತ್ತದೆ. ಆದರೆ ನೀವು ಬಲಕ್ಕೆ ತಿರುಗಿಸಿದರೆ ಗಾಡಿ ಎಡಕ್ಕೆ ಹೋಗುತ್ತದೆ! ಬೇಕಾದದ್ದು ತಿರುಗಿಸಿದ ರ‍್ಯಾಕ್ ಅಲ್ಲ, ಕನ್ನಡಿಯಲ್ಲಿ ಕಂಡ ರ‍್ಯಾಕ್. ಅದನ್ನು ಹೊಸದಾಗಿ ಮಾಡಿಸಬೇಕು. ಸ್ಟೇರಿಂಗ್ ಮಾತ್ರವಲ್ಲ, ಈ ಕೆಲಸದ ತಲೆನೋವೆಲ್ಲ ಹುಟ್ಟುವುದು ಈ ಚಪ್ಪಲಿಯಿಂದಲೇ. ಗಾಡಿಯ ಎಡಕ್ಕಿರುವ ಪ್ರತಿಯೊಂದಕ್ಕೂ ಅದರ ಬಲಗಾಲಿನ ಜೊತೆ ಎಲ್ಲಾದರೂ ಸಿಗುತ್ತದೆಯೇ ಅಂತ ಹುಡುಕುವುದು.

ಎರಡನೆಯ ಗ್ಯಾರೇಜು ಮೆಲ್ಬರ್ನ್‌ನ ಉತ್ತರಕ್ಕೆ. ಇದೇ ಪೀಳಿಗೆಯ, ಅಂದರೆ 2015ರಿಂದ 2020ರವರೆಗಿನ ಎಫ್-150ಗಳನ್ನೇ ಹಲವಾರು ಮಾಡಿ ಮುಗಿಸಿದ್ದರು. ಕನ್ನಡಿ ರ‍್ಯಾಕು ಮಾಡಿಸಿ ಇಟ್ಟಿದ್ದರು. ಡ್ಯಾಶ್‌ಬೋರ್ಡಿನ ಅಚ್ಚು ಅವರ ಹತ್ತಿರ ಇತ್ತು. ಹೇಳಿದ್ದು 38 ಸಾವಿರ ಆಸ್ಟ್ರೇಲಿಯನ್ ಡಾಲರ್, ಜೊತೆಗೆ ಜನವರಿವರೆಗೆ ಕಾಯಬೇಕು. ಭಾವ ಚೌಕಾಸಿ ಮಾಡಲು ನೋಡಿದರು, ಅವರು ನಕ್ಕರು.

ತಗಡಿನ ಗೋಡೆ

ಫೆಬ್ರವರಿಯ ಒಂದು ಶನಿವಾರ ನೋಡಲು ಹೋದಾಗ ಭಾವ ಬಾಗಿಲಲ್ಲೇ ನಿಂತುಬಿಟ್ಟರು. ಡ್ಯಾಶ್‌ಬೋರ್ಡು ಇಲ್ಲ. ಸೀಟಿಲ್ಲ. ಹೆಬ್ಬೆರಳಿನ ದಪ್ಪದ ವೈರಿಂಗ್ ಕಟ್ಟು ಹೊಟ್ಟೆ ಬಗೆದ ಹಾಗೆ ಹೊರಗೆ ನೇತಾಡುತ್ತಿತ್ತು, ಪ್ರತಿ ಪ್ಲಗ್ಗಿಗೂ ಬಿಳಿ ಟೇಪಿನ ಚೀಟಿ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ, ಫೈರ್‌ವಾಲ್ ಅನ್ನುತ್ತಾರಲ್ಲ, ಅದು ಬೆತ್ತಲೆ ನಿಂತಿತ್ತು. ಅಲ್ಲಿದ್ದ ಹಿರಿಯ ಫಿಟ್ಟರ್ 2016ರಲ್ಲಿ ಮುಚ್ಚುವವರೆಗೂ ಫೋರ್ಡ್‌ನ ಬ್ರಾಡ್‌ಮೆಡೋಸ್ ಕಾರ್ಖಾನೆಯಲ್ಲಿ ಇದ್ದವರಂತೆ. ಆ ಕಾರ್ಖಾನೆಗಳು ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಕೈಗಳು ಇಂಥ ಕೆಲಸಕ್ಕೆ ಬಂದಿವೆ. ಅವರು ಒಂದು ಸಣ್ಣ ಅಯಸ್ಕಾಂತ ತೆಗೆದು ಗಾಡಿಯ ಬಾಗಿಲಿಗೆ ಒತ್ತಿದರು. ಅಂಟಲಿಲ್ಲ, ಟಣ್ ಅಂತ ಕೆಳಗೆ ಬಿತ್ತು.

2015ರಿಂದ ಎಫ್-150ರ ಮೈ ಅಲ್ಯೂಮಿನಿಯಂ. ಕೆಳಗಿನ ಚಾಸಿ ಮಾತ್ರ ಉಕ್ಕು. ತೂಕ ಇಳಿಸಲು ಫೋರ್ಡ್ ಹಾಗೆ ಮಾಡಿತು. ಮಾಮೂಲಿ ಗಾಡಿಯಾದರೆ ಫೈರ್‌ವಾಲಿನಲ್ಲಿ ಬಲಗಡೆ ಹೊಸ ತೂತು ಕೊರೆದು, ಎಡಗಡೆಯದನ್ನು ತಗಡಿನಿಂದ ಮುಚ್ಚಿ ವೆಲ್ಡ್ ಮಾಡಿದರೆ ಆಯಿತು. ಇಲ್ಲಿ ಸುಮ್ನೆ ವೆಲ್ಡಿಂಗ್ ಹಿಡಿದರೆ ಶಾಖ ತಾಗಿದ ಕಡೆ ಅಲ್ಯೂಮಿನಿಯಂ ಮೆತ್ತಗಾಗುತ್ತದೆ. ಫೋರ್ಡ್ ಕೂಡ ಈ ಮೈಯನ್ನು ಬಹುಪಾಲು ರಿವೆಟ್ಟು ಹೊಡೆದು, ಗಟ್ಟಿ ಅಂಟು ಹಾಕಿ ಕೂಡಿಸಿದೆ. ಇವರೂ ಅದೇ ದಾರಿ ಹಿಡಿದಿದ್ದರು. ಕಾಲಿಟ್ಟು ಬ್ರೇಕ್ ಒತ್ತುವ ಜೋರೆಲ್ಲ ಬೀಳುವುದು ಈ ಗೋಡೆಯ ಮೇಲೆ. ಹಾಗಾಗಿ ಬಲಗಡೆ ಒಳಗಿನಿಂದ ದಪ್ಪ ತಗಡಿನ ಬೆಂಬಲ. ಉಕ್ಕು ಅಲ್ಯೂಮಿನಿಯಮ್ಮಿಗೆ ನೇರ ತಾಗಿದರೆ, ತೇವ ಸೇರಿದಾಗ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಅದಕ್ಕೆ ನಡುವೆ ಬಣ್ಣ, ಸೀಲರ್, ಬೋಲ್ಟಿಗೆ ತೋಳು ಹಾಕಿದ್ದರು. ಚೈನಿನ ಗ್ಯಾರೇಜಿನವರು ಅಯಸ್ಕಾಂತದ ಮಾತನ್ನೇ ಎತ್ತಿರಲಿಲ್ಲ.

ಬಾನೆಟ್ ಕೆಳಗೆ ಇನ್ನೊಂದು ತಾಪತ್ರಯ. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಹೋಗಿ ಕೂರಬೇಕಾದ ಬಲಮೂಲೆಯಲ್ಲಿ ಬ್ಯಾಟರಿ ಕೂತಿತ್ತು. ಅದನ್ನು ಎಡಕ್ಕೆ ಕಳಿಸಿದರು. ಎಡಗಡೆ ಸ್ಟೇರಿಂಗ್ ಶಾಫ್ಟಿಗೆ ಅಂತ ಎಕ್ಸಾಸ್ಟ್ ಪೈಪಿನ ಪಕ್ಕ ಫೋರ್ಡ್‌ನವರು ಜಾಗ ಬಿಟ್ಟಿದ್ದಾರೆ. ಬಲಗಡೆ ಯಾಕೆ ಬಿಡುತ್ತಾರೆ? ಆ ಕಡೆಯ ಪೈಪನ್ನು ಬಗ್ಗಿಸಿ, ಶಾಖದ ತಗಡು ಹಾಕಿ, ಎರಡು ಕೀಲಿನ ಬದಲು ಮೂರು ಕೀಲಿನ ಶಾಫ್ಟು ಕೂರಿಸಿದರು. ಇನ್ನು ಎಸಿ ಪೆಟ್ಟಿಗೆ. ಅದರ ಫ್ಯಾನು, ಕೊಳವೆ ಎಲ್ಲ ಇರುವುದು ಬಲಗಡೆ, ಹೊಸ ಡ್ರೈವರ್‌ನ ಕಾಲಿಡುವ ಜಾಗದಲ್ಲೇ. ಅದನ್ನೂ ಎಡಕ್ಕೆ ಸರಿಸಬೇಕು.

ಸೀಟು ನೋಡಿದರೆ ಅದಲು ಬದಲು ಮಾಡಿದರೆ ಸಾಕು ಅನ್ನಿಸುತ್ತದೆ. ಆದರೆ ಡ್ರೈವರ್ ಸೀಟಿನ ಗುಂಡಿಗಳು ಬಾಗಿಲ ಪಕ್ಕ ಇರುತ್ತವೆ, ಸೀಟನ್ನು ಬಲಕ್ಕೆ ಒಯ್ದರೆ ಒಳಗಡೆಗೆ ಬೀಳುತ್ತವೆ. ಪಕ್ಕದ ಸೀಟಿನ ಕೆಳಗೆ, ಕೂತವರು ದೊಡ್ಡವರೋ ಮಗುವೋ ಅಂತ ತೂಕ ನೋಡಿ ಏರ್‌ಬ್ಯಾಗಿಗೆ ತಿಳಿಸುವ ಸೆನ್ಸರ್ ಇದೆ. ಅದು ಎಡಗಡೆ ಸೀಟಿಗೆ ಬರಬೇಕು. ಹೊಸ ಡ್ಯಾಶ್‌ಬೋರ್ಡಿನಲ್ಲಿ ಎಡಗಡೆ ಏರ್‌ಬ್ಯಾಗು ಹರಿದು ಹೊರಬರಲು ಸರಿಯಾದ ಗೆರೆ ಇರಬೇಕು. ಅಕ್ಕ ನಿಜವಾಗಿ ಹೆದರಿದ್ದು ಇದಕ್ಕೆ. "ಅದು ಬಿಚ್ಚಿಕೊಳ್ಳುತ್ತೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದಳು. ಕಂಪನಿಗಳು ಗಾಡಿ ಗುದ್ದಿಸಿ ನೋಡುತ್ತವೆ. ನಮ್ಮ ಒಂದೇ ಗಾಡಿಯನ್ನು ಗುದ್ದಿಸಿ ನೋಡಲಾಗುತ್ತದೆಯೇ? ನನ್ನ ಹತ್ತಿರ ಅವಳಿಗೆ ಸಮಾಧಾನವಾಗುವ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ದೀಪ, ಕನ್ನಡಿ, ಚಿಲ್ಲರೆ

ಇದು ಚಿಲ್ಲರೆ ಅನ್ನಿಸುತ್ತದೆ, ಆದರೆ ತಿಂಗಳು ತಿನ್ನುತ್ತದೆ. ಅಮೆರಿಕದ ಎಫ್-150ಗೆ ಹಿಂದಿನ ಇಂಡಿಕೇಟರ್ ಕೆಂಪು, ಬ್ರೇಕ್ ದೀಪವೇ ಮಿನುಗುತ್ತದೆ. ಇಲ್ಲಿ ಇಂಡಿಕೇಟರ್ ಕಿತ್ತಳೆ ಬಣ್ಣದ್ದೇ ಆಗಬೇಕು, ಬ್ರೇಕಿನಿಂದ ಬೇರೆ ವೈರು. ಹೆಡ್‌ಲೈಟ್ ಡಿಪ್ ಮಾಡಿದಾಗ ಅಮೆರಿಕದ್ದು ಬಲಗಡೆ ರಸ್ತೆಯಂಚನ್ನು ಜಾಸ್ತಿ ಬೆಳಗುತ್ತದೆ. ಇಲ್ಲಿ ಆ ಕಡೆಯಿಂದಲೇ ಎದುರಿನ ಗಾಡಿ ಬರುವುದು, ಅವರ ಕಣ್ಣಿಗೇ ಹೊಡೆಯುತ್ತದೆ. ದೀಪವನ್ನೇ ಬದಲಾಯಿಸಬೇಕು. ಕನ್ನಡಿಗಳೂ ಹಾಗೇ: ಅಲ್ಲಿ ಎಡಗಡೆಯದು ಚಪ್ಪಟೆ, ಬಲಗಡೆಯದು ಉಬ್ಬು, ಅದರ ಮೇಲೆ 'ಕಾಣುವುದಕ್ಕಿಂತ ಹತ್ತಿರದಲ್ಲಿವೆ' ಅಂತ ಇಂಗ್ಲಿಷ್ ಬರಹ ಬೇರೆ. ಟ್ರೇಲರ್ ಕೊಕ್ಕೆಯ ಗುಂಡು ಅಲ್ಲಿ 2 ಇಂಚು, ಇಲ್ಲಿ 50 ಮಿಲಿಮೀಟರ್. ಎರಡಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಮ್ಮಿ, ಆದರೂ ಬದಲಾಯಿಸಲೇಬೇಕು.

ಇಂಡಿಕೇಟರ್ ಕಡ್ಡಿ ಎಡಗಡೆಯೇ ಉಳಿಯಿತು. ಇಲ್ಲಿನ ಜಪಾನಿ ಕಾರುಗಳಲ್ಲಿ ಅದು ಬಲಗಡೆ, ನಮ್ಮೂರಿನ ಮಾರುತಿಯ ಹಾಗೆ. ಟ್ರಕ್ಕಿನಿಂದ ಇಳಿದು ಕೊರೊಲ್ಲಾ ಹತ್ತಿದಾಗಲೆಲ್ಲ ಭಾವ ತಿರುವಿನಲ್ಲಿ ವೈಪರ್ ಹಾಕುತ್ತಾರೆ.

ರಿಂಗ್ ರೋಡಿನ ಮಳೆ

ಜುಲೈ ಎರಡನೇ ವಾರ ಗಾಡಿ ತಯಾರಾಯಿತು. ತಾತ್ಕಾಲಿಕ ಪರ್ಮಿಟ್ ತೆಗೆದುಕೊಂಡು ಎಂಜಿನಿಯರ್ ಹತ್ತಿರ ತೋರಿಸಲು ಹೊರಟೆವು. ಭಾವ ಬಲಗಡೆ, ನಾನು ಎಡಗಡೆ. ವೆಸ್ಟರ್ನ್ ರಿಂಗ್ ರೋಡಿಗೆ ಬಂದಾಗ ಮೆಲ್ಬರ್ನ್‌ನ ಚಳಿಗಾಲದ ಮಳೆ ಹಿಡಿಯಿತು. ವೈಪರ್ ಹಾಕಿದರು. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನೋಡಿದರೆ ಭಾವ ಕತ್ತು ನನ್ನ ಕಡೆ ಬಾಗಿಸಿಕೊಂಡು ಓಡಿಸುತ್ತಿದ್ದಾರೆ.

"ಯಾಕೆ ಭಾವ?"

"ನನ್ನ ಕಡೆ ಒರೆಸ್ತಾ ಇಲ್ಲ ಕಣೋ."

ವೈಪರ್ ಹಳೇ ಹಾಗೇ ಇತ್ತು. ಎಡಗಡೆ ಕೂತವನಿಗೆ ಗಾಜಿನ ಅಂಚಿನವರೆಗೆ ಚೊಕ್ಕ. ನನ್ನ ಮುಂದೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಲಗಡೆ ಕಂಬದ ಪಕ್ಕ ಒಂದು ಗೇಣಗಲದ ಪಟ್ಟಿಯಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಆ ಪಟ್ಟಿಯಲ್ಲೇ ಬಲಗಡೆಯ ಲಾರಿಯ ಚಕ್ರ ಕಾಣಬೇಕು. ಕಾಣುತ್ತಿರಲಿಲ್ಲ. ಉಳಿದ ದಾರಿಯುದ್ದಕ್ಕೂ ನಾನು ಎಡಗಡೆ ಕೂತು ಲಾರಿ ಬಂತು, ಹೋಯಿತು ಅಂತ ಕಂಡಕ್ಟರ್ ಹಾಗೆ ಹೇಳುತ್ತಿದ್ದೆ.

ಎಂಜಿನಿಯರ್ ಒಂದು ದಿನ ಪೂರ್ತಿ ನೋಡಿದರು. ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ಎಷ್ಟು ಸುತ್ತು, ಎಲ್ಲಾದರೂ ಹಿಡಿಯುತ್ತದೆಯೇ, ಬ್ರೇಕ್ ಜೋರಾಗಿ ಒತ್ತಿದಾಗ ಫೈರ್‌ವಾಲ್ ಬಾಗುತ್ತದೆಯೇ. ಮುಂದಿನ ಚಕ್ರವನ್ನು ಜಾಕಿನಿಂದ ಮೇಲೆ ಕೆಳಗೆ ಮಾಡಿ, ಅದು ತಾನಾಗಿ ಎಡಬಲ ಹೊರಳುತ್ತದೆಯೇ ಅಂತ ಅಳೆದರು. ರ‍್ಯಾಕು ಸ್ವಲ್ಪ ಮೇಲೋ ಕೆಳಗೋ ಕೂತಿದ್ದರೆ ಪ್ರತಿ ಹಳ್ಳದಲ್ಲೂ ಗಾಡಿ ತನ್ನಷ್ಟಕ್ಕೆ ತಿರುಗುತ್ತದೆ. ಇದೆಲ್ಲ ಪಾಸಾಯಿತು. ವೈಪರಿಗೆ ಫೇಲು. ಕನ್ನಡಿ ಜೋಡಣೆಯ ವೈಪರ್ ಕಡ್ಡಿಗಳು ಬರುವುದು ತಡವಾಗಿತ್ತು, ಗ್ಯಾರೇಜಿನವರು ನಮಗೆ ಹೇಳದೆ ಹಳೆಯದನ್ನೇ ಹಾಕಿ ಕಳಿಸಿದ್ದರು. 38 ಸಾವಿರದ ಕೆಲಸದಲ್ಲಿ ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇದೊಂದಕ್ಕೇ. ಮತ್ತೆ ನಾಲ್ಕು ವಾರ. ರಿಜಿಸ್ಟರ್ ಆಗಿದ್ದು 2024ರ ಆಗಸ್ಟ್ ಕೊನೆಗೆ, ಗ್ಯಾಲ್‌ವೆಸ್ಟನ್ ಬಿಟ್ಟು ಒಂದು ವರ್ಷಕ್ಕೆ.

ಅಡುಗೆಮನೆ ಮೇಜಿನ ಮೇಲೆ

ಬಿಲ್ಲುಗಳನ್ನೆಲ್ಲ ಅಕ್ಕ ಒಂದು ಸಂಜೆ ಮೇಜಿನ ಮೇಲೆ ಹರಡಿದಳು. ಎಲ್ಲ ಆಸ್ಟ್ರೇಲಿಯನ್ ಡಾಲರಿನಲ್ಲಿ. ಹಡಗು, ಬಂದರು, ಎರಡು ಸಲ ತೊಳೆದದ್ದು: 9 ಸಾವಿರದ ಹತ್ತಿರ. ಜಿಎಸ್‌ಟಿ 5 ಸಾವಿರ. ಸ್ಟೇರಿಂಗ್ ಕೆಲಸ 38 ಸಾವಿರ. ದೀಪ, ಕನ್ನಡಿ, ಟ್ರೇಲರ್ ವೈರು 4 ಸಾವಿರ. ಎಂಜಿನಿಯರ್ ಫೀಸು, ಪರ್ಮಿಟ್, ರಿಜಿಸ್ಟ್ರೇಷನ್ ಸೇರಿ 4 ಸಾವಿರ. ಒಟ್ಟು 60 ಸಾವಿರ. ಹೂಸ್ಟನ್‌ನಲ್ಲಿ ಮಾರದೆ ಬಿಟ್ಟ 28 ಸಾವಿರ ಅಮೆರಿಕನ್ ಡಾಲರ್ ಅಂದರೆ ಇಲ್ಲಿನ 42 ಸಾವಿರ. ಕೂಡಿದರೆ ಒಂದು ಲಕ್ಷದ ಎರಡು ಸಾವಿರ.

ಅಂದರೆ ಕಂಪನಿಯೇ ವಾರಂಟಿ ಕೊಟ್ಟು ಮಾರುವ ಹೊಸ ಬಲಗಡೆ ಎಫ್-150ರ ಬೆಲೆಯ ಹತ್ತಿರಕ್ಕೇ ಐದು ವರ್ಷದ ಹಳೇ ಗಾಡಿ. ಅಕ್ಕ ಏನೂ ಅನ್ನಲಿಲ್ಲ. ಕಾಗದ ಜೋಡಿಸಿ ಕ್ಲಿಪ್ ಹಾಕಿದಳು. ಭಾವ ಕಾಫಿ ಲೋಟ ತೊಳೆಯಲು ಎದ್ದು ಹೋದರು.

ಇನ್ಶೂರೆನ್ಸಿಗೆ ಮೂರು ಕಂಪನಿ ಬೇಡ ಅಂದವು. ಬದಲಾಯಿಸಿದ ಗಾಡಿಗಳನ್ನೇ ನೋಡಿಕೊಳ್ಳುವ ನಾಲ್ಕನೆಯದು ಒಪ್ಪಿತು, ಎಂಜಿನಿಯರ್ ಸರ್ಟಿಫಿಕೇಟ್ ನೋಡಿದ ಮೇಲೆ. ಪಾರ್ಕಿಂಗ್ ಇನ್ನೊಂದು ಹಾಡು. ಇಲ್ಲಿನ ಪಾರ್ಕಿಂಗ್ ಚೌಕದ ಉದ್ದ ಸಾಮಾನ್ಯವಾಗಿ 5.4 ಮೀಟರ್. ಟ್ರಕ್ಕು 5.9 ಮೀಟರ್ ಹತ್ತಿರ. ಅಂಗಡಿಯ ಮುಂದೆ ನಿಲ್ಲಿಸಿದರೆ ಅದರ ಮೂತಿ ಯಾವಾಗಲೂ ದಾರಿಯಲ್ಲಿ.

ಹಾಗಂತ ಭಾವನಿಗೆ ಬೇಸರ ಇದೆ ಅಂದುಕೊಳ್ಳಬೇಡಿ. ಓಟ್‌ವೇ ಬೆಟ್ಟದ ಕಡೆ ಹೋದಾಗ, ಮಳೆ ಬಿದ್ದ ಮಣ್ಣಿನ ದಾರಿಯಲ್ಲಿ, ಅವರ ಮುಖ ನೋಡಬೇಕು. ಸಕಲೇಶಪುರದ ತೋಟದ ದಾರಿ ಕಂಡವರ ಮುಖ ಅದು. ಈ ಲೆಕ್ಕ ಯಾವ ಬಿಲ್ಲಿನಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಅವರು ಮೊದಲೇ ಪ್ರೀತಿಯ ಮಾತು ಆಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಲಾಭ ಅಂದರಲ್ಲ, ಅದಕ್ಕೆ ನನ್ನ ತಕರಾರು.

ಕಳೆದ ತಿಂಗಳು ಹೆದ್ದಾರಿಯಲ್ಲಿ ಮುಂದಿನ ಗಾಜಿಗೆ ಕಲ್ಲು ಬಡಿದು ಬಿರುಕು ಬಿಟ್ಟಿತು. ಗಾಜಿನ ಅಂಗಡಿಯ ಹುಡುಗ ರಿಜಿಸ್ಟ್ರೇಷನ್ ನಂಬರ್ ಕಂಪ್ಯೂಟರಿಗೆ ಹಾಕಿದ, ಮತ್ತೆ ಹಾಕಿದ. 2019ರ ಎಫ್-150 ಅಂತ ಒಂದು ಗಾಡಿ ಅವನ ಪಟ್ಟಿಯಲ್ಲೇ ಇರಲಿಲ್ಲ. ಭಾವ ಗ್ಲೋವ್ ಬಾಕ್ಸಿನಿಂದ ದಪ್ಪ ಫೈಲು ತೆಗೆದು ಕೌಂಟರಿನ ಮೇಲಿಟ್ಟು ಬಿಚ್ಚಿದರು: ಇದು ಅಮೆರಿಕದ ಗಾಜು, ಇದರ ಪಾರ್ಟ್ ನಂಬರ್ ಇದು, ಗಾಜು ಕೂರಿಸಿದ ಮೇಲೆ ಅದರ ಹಿಂದಿನ ಕ್ಯಾಮೆರಾ ಮತ್ತೆ ಸರಿಹೊಂದಿಸಬೇಕು. ಹುಡುಗ ಫೋಟೋ ತೆಗೆದುಕೊಂಡ. ಗಾಜು ತರಿಸಲು ಮೂರು ವಾರ ಆಗುತ್ತದೆ ಅಂದ. ಅಕ್ಕ ಕೊರೊಲ್ಲಾದಲ್ಲಿ ಬಂದು ಅವರನ್ನು ಕರಕೊಂಡು ಹೋದಳು.